ನಾಲ್ಕನೆಯ ಪಿನ್

ಹಳೆಯ ಜೆಟ್ ಯುದ್ಧವಿಮಾನಗಳಲ್ಲಿ ನಿಮಗೆ ಯಾವುದು ಇಷ್ಟ ಅಂತ ಯಾರಾದರೂ ಕೇಳಿದರೆ ನಾನು ಯೋಚಿಸುವುದೇ ಇಲ್ಲ. ಹಂಟರ್. ನನ್ನ ಜೊತೆ ಕೆಲಸ ಮಾಡಿದವರಲ್ಲಿ ಕೆಲವರು ನ್ಯಾಟ್ ಅನ್ನುತ್ತಿದ್ದರು. ಅದು ಎಷ್ಟು ಪುಟ್ಟದೆಂದರೆ ನೆಲದ ಮೇಲೆ ನಿಂತೇ ಅದರ ಬೆನ್ನು ತಟ್ಟಬಹುದಿತ್ತು. ಕ್ಯಾನ್‌ಬೆರಾ ಪಕ್ಷದವರೂ ಇದ್ದರು. ಅಗಲ ರೆಕ್ಕೆ, ಎರಡು ಎಂಜಿನ್, ಎಷ್ಟೆತ್ತರಕ್ಕೆ ಹೋದರೂ ಏದುಸಿರು ಬಿಡದ ಸ್ವಭಾವ, ಎಲ್ಲಾ ಸರಿ. ಆದರೆ ನೋಡಲು ಕಚೇರಿಯ ಗುಮಾಸ್ತನ ಹಾಗೆ. ಹಂಟರ್ ಮಾತ್ರ ಮೂಗಿನಿಂದ ಬಾಲದವರೆಗೆ ಒಂದೇ ಗೆರೆಯಲ್ಲಿ ಬರೆದು ಮುಗಿಸಿದ ಚಿತ್ರ. ಊಟದ ಹೊತ್ತಿಗೆ ಈ ವಾದ ಶುರುವಾದರೆ ಕೈ ಒಣಗಿದರೂ ನಾವು ಏಳುತ್ತಿರಲಿಲ್ಲ.

ಅಷ್ಟು ಇಷ್ಟಪಟ್ಟ ವಿಮಾನಕ್ಕೆ ನಾನು ಹೆದರುತ್ತಲೂ ಇದ್ದೆ. ಈಗ ಬರೆಯುತ್ತಿರುವುದು ಆ ಹೆದರಿಕೆಯನ್ನು ಕುರಿತು.

ನಾನು ಗೂಡಲೂರಿನವನು. ಅಪ್ಪ ಗುಂಡ್ಲುಪೇಟೆ ಕಡೆಯಿಂದ ತರಕಾರಿ ತಂದು ಮಾರುತ್ತ ಮಾರುತ್ತ ಇಲ್ಲೇ ನೆಲೆ ನಿಂತವರು. ಹತ್ತೊಂಬತ್ತು ತುಂಬುತ್ತಲೇ ವಾಯುಪಡೆಗೆ ಸೇರಿದ ನನಗೆ ಸಿಕ್ಕಿದ್ದು ಹಂಟರ್ ವಿಮಾನದ ಸೀಟಿನ ಕೆಲಸ. ಸೀಟು ಅಂದರೆ ನಗಬೇಡಿ. ಆ ಸೀಟಿನ ಬೆನ್ನ ಹಿಂದೆ ಒಂದು ಕೊಳವೆ, ಕೊಳವೆಯೊಳಗೆ ಮದ್ದು ತುಂಬಿದ ತೋಟಾ. ವಿಮಾನ ಕೈಕೊಟ್ಟರೆ ಪೈಲಟ್ ತಲೆಯ ಮೇಲಿರುವ ಹಳದಿ ಕಪ್ಪು ಪಟ್ಟೆಯ ಹಿಡಿಯನ್ನು ಎರಡೂ ಕೈಯಿಂದ ಎಳೆಯಬೇಕು. ಮದ್ದು ಸಿಡಿದು ಸೀಟು ಅವನನ್ನು ಹೊತ್ತುಕೊಂಡು ಆಕಾಶಕ್ಕೆ ಹಾರುತ್ತದೆ, ಆಮೇಲೆ ಪ್ಯಾರಾಚೂಟ್. ಆಕಾಶದಲ್ಲಿ ಅದು ಜೀವ ಉಳಿಸುತ್ತದೆ. ಶೆಡ್ಡಿನೊಳಗೆ ನಿಂತಿರುವಾಗ ಯಾರಾದರೂ ಅದೇ ಹಿಡಿ ಎಳೆದರೆ ಮೇಲಿರುವುದು ಆಕಾಶವಲ್ಲ, ಕಬ್ಬಿಣದ ತೊಲೆ. ಹಾಗೆ ಒಮ್ಮೆ ಆದದ್ದನ್ನು ನಮಗೆ ಕಲಿಸಿದವರು ಮೊದಲ ದಿನವೇ ಬಿಡಿಸಿ ಹೇಳಿದ್ದರು. ಅವತ್ತು ನನಗೆ ಅನ್ನ ಇಳಿಯಲಿಲ್ಲ.

ಅದಕ್ಕೇ ಪಿನ್‌ಗಳು. ಬೆರಳುದ್ದದ ಉಕ್ಕಿನ ಕಡ್ಡಿ, ತುದಿಗೆ ಕೆಂಪು ಪಟ್ಟಿ. ನಮ್ಮ ವಿಮಾನಕ್ಕೆ ನಾಲ್ಕು. ವಿಮಾನ ನೆಲದ ಮೇಲಿದ್ದಾಗ ನಾಲ್ಕೂ ತಮ್ಮ ತಮ್ಮ ತೂತಿನಲ್ಲಿರಬೇಕು, ಆಗ ಹಿಡಿ ಎಳೆದರೂ ಮದ್ದು ಹತ್ತುವುದಿಲ್ಲ. ಪೈಲಟ್ ಕೂತು ಪಟ್ಟಿ ಬಿಗಿದುಕೊಂಡ ಮೇಲೆ ನಾನು ಏಣಿಯ ಮೇಲೆ ನಿಂತು ಒಂದೊಂದೇ ಪಿನ್ ಕಿತ್ತು ಅವರ ಮುಖದ ಮುಂದೆ ಹಿಡಿಯುತ್ತಿದ್ದೆ. ಅವರು ಬೆರಳು ಮಡಚಿ ಎಣಿಸುತ್ತಿದ್ದರು. ಒಂದು, ಎರಡು, ಮೂರು, ನಾಲ್ಕು. ತಿರುಗಿ ಬಂದಿಳಿದಾಗ ಮೊದಲು ಪಿನ್, ಆಮೇಲೆ ನಮಸ್ಕಾರ. ನಾವು ಪಿನ್ ಹಾಕುವಷ್ಟು ಹೊತ್ತೂ ಪೈಲಟ್ ತನ್ನೆರಡು ಕೈಗಳನ್ನು ಹೊರಗೆ, ವಿಮಾನದ ಅಂಚಿನ ಮೇಲೆ, ನಮಗೆ ಕಾಣುವಂತೆ ಇಡಬೇಕು. ಮರೆತರೆ "ಕೈ ಹೊರಗೆ!" ಅಂತ ಕೂಗುವ ಅಧಿಕಾರ ನಮ್ಮಂಥ ಸಣ್ಣವರಿಗೂ ಇತ್ತು. ದೊಡ್ಡ ದೊಡ್ಡ ಅಧಿಕಾರಿಗಳು ತುಟಿ ಪಿಟಕ್ಕೆನ್ನದೆ ಕೈ ಹೊರಗಿಡುತ್ತಿದ್ದರು. ಆ ಒಂದು ಕೂಗಿನ ಮಟ್ಟಿಗೆ ನಾನೇ ರಾಜ.

ಈ ಅಭ್ಯಾಸ ಮೈಗಂಟಿಬಿಟ್ಟಿತು. ಈಗ ಗೂಡಲೂರಿನಲ್ಲಿ ನನ್ನದೊಂದು ರಿಪೇರಿ ಅಂಗಡಿ. ಟೀ ಎಲೆ ಕತ್ತರಿಸುವ ಮೆಷಿನ್ನು, ಔಷಧಿ ಹೊಡೆಯುವ ಮೆಷಿನ್ನು ಬರುತ್ತವೆ. ಬ್ಲೇಡಿಗೆ ಕೈ ಹಾಕುವ ಮೊದಲು ಪ್ಲಗ್ ಬಿಚ್ಚಿ ತಂದವರ ಮುಖದ ಮುಂದೆ ಹಿಡಿಯುತ್ತೇನೆ, ಅವರು ನೋಡಿದೆ ಅನ್ನುವ ತನಕ ಬಿಡುವುದಿಲ್ಲ. ತೋಟದವರು ಬೆನ್ನ ಹಿಂದೆ ನಗುತ್ತಾರೆ, ನಗಲಿ. ರಜಕ್ಕೆ ಬರುವ ಮೊಮ್ಮಗಳಿಗೂ ಇದೇ ಆಟ. ಅವಳು ಊಟಿಯಲ್ಲಿ ಓದುತ್ತಾಳೆ, ಒಂಬತ್ತು ವರ್ಷ. ಎಣ್ಣೆ ಡಬ್ಬದ ಮೇಲೆ ಪೈಲಟ್ ಆಗಿ ಕೂರುತ್ತಾಳೆ. ನಾನು ಅಂಗಡಿಯ ಬೀಗದಕೈ ಗೊಂಚಲನ್ನು ಎತ್ತಿ ಒಂದೊಂದೇ ತೋರಿಸುತ್ತೇನೆ, ಅವಳು ನಾಲ್ಕರ ತನಕ ಎಣಿಸುತ್ತಾಳೆ. "ಕೈ ಹೊರಗೆ!" ಅಂದರೆ ಎರಡೂ ಕೈ ಚಾಚುತ್ತಾಳೆ.

ಆ ಗೊಂಚಲಿನಲ್ಲಿ ನಾಲ್ಕನೆಯದಾಗಿ ಇದ್ದದ್ದು ನಿಜವಾದ ಪಿನ್ನೇ.

ಅದನ್ನು ನಾನು ಕದ್ದದ್ದು. ನಮ್ಮ ಹಂಟರ್ ಕೊನೆಯ ಸಲ ಇಳಿದ ದಿನ ಎಲ್ಲರೂ ಏನಾದರೊಂದು ನೆನಪಿಗೆ ಎತ್ತಿಕೊಂಡರು. ಯಾರಿಗೋ ಹೆಸರಿನ ತಗಡು, ಯಾರಿಗೋ ಒಂದು ಗುಂಡಿ. ನನಗೆ ಅದೇ ಸಂಜೆ ಬೇರೆ ಊರಿಗೆ ವರ್ಗ, ರೈಲಿಗೆ ಹೊತ್ತಾಗಿತ್ತು. ಏಣಿ ಹತ್ತಿ, ಮದ್ದಿನ ಕೊಳವೆಯ ನೆತ್ತಿಯ ಪಿನ್ನನ್ನೇ ಕಿತ್ತು ಜೇಬಿಗಿಳಿಸಿದೆ. ನಾಳೆ ಹೇಗೂ ತೋಟಾ ತೆಗೆಯುತ್ತಾರೆ, ಇನ್ನು ಮೇಲೆ ಪಿನ್ ಯಾತಕ್ಕೆ ಅಂದುಕೊಂಡೆ. ಯಾರಿಗೂ ಹೇಳಲಿಲ್ಲ. ಮೂವತ್ತು ವರ್ಷದ ಹತ್ತಿರ ಹತ್ತಿರ ಅದರಿಂದ ನನ್ನ ನಿದ್ದೆಯೇನೂ ಕೆಡಲಿಲ್ಲ.

ಈ ವರ್ಷ ಒಂದು ಬೆಳಿಗ್ಗೆ ಬಂಡೀಪುರದ ಕಡೆಯಿಂದ ಬಂದ ಉದ್ದನೆಯ ಲಾರಿಯೊಂದು ನನ್ನ ಅಂಗಡಿಯ ಮುಂದೆ ತಿರುವಿನಲ್ಲಿ ಸಿಕ್ಕಿಕೊಂಡಿತು. ಹಿಂದೆ ಬಸ್ಸುಗಳ ಹಾರ್ನು, ಆಟೋದವರ ಬೈಗುಳ. ತಲೆಯೆತ್ತಿ ನೋಡಿದರೆ ಟಾರ್ಪಾಲಿನ ಕೆಳಗಿಂದ ಒಂದು ಬಾಲ. ಗ್ರೀಸು ಕೈಯಲ್ಲೇ ಓಡಿದೆ. ರೆಕ್ಕೆ ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ಬಾಲದ ಮೇಲಿನ ಅಂಕಿ ಓದಿದೆ, ನಂಬಿಕೆ ಬರದೆ ಎಡ ಮೈಗೆ ನಮ್ಮ ಕಾಲದಲ್ಲೇ ಹಾಕಿದ್ದ ತೇಪೆ ಹುಡುಕಿದೆ. ಇತ್ತು. ನನ್ನದೇ ಹಂಟರ್! ಊಟಿಯ ಒಂದು ಶಾಲೆಗೆ, ಅಂಗಳದಲ್ಲಿ ನಿಲ್ಲಿಸೋಕೆ ಅಂದ ಡ್ರೈವರ್. ಅದು ನನ್ನ ಮೊಮ್ಮಗಳ ಶಾಲೆ. ನಡುರಸ್ತೆಯಲ್ಲಿ ನಿಂತು ಅತ್ತುಬಿಟ್ಟೆ. ಸಂಜೆ ಫೋನಿನಲ್ಲಿ ಅವಳಿಗೆ "ಅದು ನಂದು ಕಣಮ್ಮಾ, ನಿಮ್ಮ ತಾತಂದು" ಅಂದೆ. ಅವಳು ಶಾಲೆಗೆಲ್ಲ ಸಾರಿದಳು.

ಎರಡು ವಾರ ಕಳೆದ ಮೇಲೆ ಶಾಲೆಯ ಮೇಷ್ಟ್ರು ಫೋನ್ ಮಾಡಿದರು. ನೀಲಗಿರಿಯ ಬಡಗರವರು, ಒಳ್ಳೆಯ ಮನುಷ್ಯ. "ಸಾರ್, ಗುರುವಾರ ಹತ್ತು ಗಂಟೆಗೆ ಓಪನಿಂಗ್. ನೀವು ಬರ್ಲೇಬೇಕು. ಮಕ್ಕಳನ್ನ ಒಬ್ಬೊಬ್ಬರಾಗಿ ಒಳಗೆ ಕೂರ್ಸಿ ಫೋಟೋ ಹಿಡೀತೇವೆ. ಫಸ್ಟು ನಿಮ್ಮ ಪೇತ್ತಿನೇ!"

ಪೇತ್ತಿ ಅಂದರೆ ಮೊಮ್ಮಗಳು. ಆಗಲಿ ಸಾರ್ ಅಂತ ನಗುತ್ತಲೇ ಫೋನ್ ಇಟ್ಟೆ. ಷಟರ್ ಎಳೆಯಲು ಬೀಗದಕೈ ತೆಗೆದಾಗ ಕೆಂಪು ಪಟ್ಟಿ ಕೈಗೆ ತಾಕಿತು. ಷಟರ್ ಎಳೆಯುವುದನ್ನೇ ಬಿಟ್ಟು ಪಿನ್ನನ್ನು ದೀಪದ ಕೆಳಗೆ ಹಿಡಿದೆ.

ತೋಟಾ ತೆಗೆದಿದ್ದಾರೆಯೇ? ತೆಗೆದೇ ಇರುತ್ತಾರೆ. ತೆಗೆಯದೆ ಯಾರೂ ಶಾಲೆಗೆ ಕೊಡುವುದಿಲ್ಲ. ಆದರೆ ನಾನು ಕಣ್ಣಾರೆ ನೋಡಿಲ್ಲ, ಮತ್ತು ನನಗೆ ಕಲಿಸಿದ ವಿದ್ಯೆಯಲ್ಲಿ ಕಣ್ಣಾರೆ ನೋಡದ್ದು ಆಗಿಲ್ಲ ಅಂತಲೇ ಲೆಕ್ಕ. ಇಷ್ಟು ವರ್ಷದಲ್ಲಿ ಮದ್ದು ಸತ್ತಿರುತ್ತದೆ ಅಂತ ಒಂದು ಗಳಿಗೆ ಸಮಾಧಾನ, ಹಳೆಯ ಮದ್ದನ್ನು ನಂಬಲೇಬಾರದು ಅಂತ ಮರುಗಳಿಗೆಗೆ ನಡುಕ. ಒಂಬತ್ತು ವರ್ಷದ ಹುಡುಗಿ ಅಲ್ಲಿ ಕೂತರೆ ಮೊದಲು ಕೈ ಹೋಗುವುದು ಎಲ್ಲಿಗೆ? ತಲೆಯ ಮೇಲಿನ ಆ ಪಟ್ಟೆ ಪಟ್ಟೆ ಹಿಡಿಗೆ. ನಾನಾಗಿದ್ದರೂ ಎಳೆಯುತ್ತಿದ್ದೆ.

ಸೋಮವಾರ, ಮಂಗಳವಾರ ಹೀಗೇ ಹೋಯಿತು. ಬುಧವಾರ ನನ್ನ ಹೆಂಡತಿ ಕಾಫಿ ಲೋಟ ಕೆಳಗಿಟ್ಟು ನನ್ನೆದುರು ಕೂತಳು.

"ರಾತ್ರಿಯೆಲ್ಲಾ ಯಾಕಂಗೆ ಎದ್ದೆದ್ದು ಕೂರ್ತೀರಿ? ಸಕ್ರೆ ಕಾಯ್ಲೆ ಹೆಚ್ಚಾಯ್ತ?"

ಹೇಳಿದೆ. ಕದ್ದದ್ದನ್ನೂ ಹೇಳಿದೆ.

"ಅಯ್ಯೋ, ಈಗ್ಲೇ ಪೋನ್ ಮಾಡಿ ಹೇಳ್ಬುಡಿ. ಕೂರಿಸ್ಬೇಡಿ ಅನ್ನಿ."

"ಯಾಕೆ ಅಂತ ಕೇಳಿದ್ರೆ? ಕದ್ದೆ ಅನ್ಲಾ? ಪಿಂಚಣಿಗೆ ಏನಾದ್ರೂ ಕುತ್ತು ಬಂದ್ರೆ?"

"ನಿಮ್ಗೆ ಮಾನ ದೊಡ್ದೋ ಮಗು ದೊಡ್ದೋ?" ಅಂದಳು. ಮದುವೆಯಾದಾಗಿನಿಂದ ಅವಳು ನನ್ನ ಮೇಲೆ ಅಷ್ಟು ಗಟ್ಟಿಯಾಗಿ ಕೂಗಿದ್ದಿಲ್ಲ.

ಫೋನ್ ಮಾಡಿದೆ. ಆದರೆ ನಾನು ಎಂಥ ಹೇಡಿ ಅಂದರೆ ಅರ್ಧವನ್ನೇ ಹೇಳಿದೆ. "ನಾನು ಬರೋ ತನಕ ಯಾರನ್ನೂ ಒಳಗೆ ಬಿಡಬೇಡಿ ಸಾರ್, ನಾನೇ ಕೂರಿಸ್ಬೇಕು ಅಂತ ಆಸೆ." ಮೇಷ್ಟ್ರು ಖುಷಿಯಾಗಿ "ನೀವು ಬಂದ ಮೇಲೇ ಸಾರ್" ಅಂದರು.

ಗುರುವಾರ ಬೆಳಗಿನ ಮೊದಲ ಬಸ್ಸೇ ಹಿಡಿದೆ. ನಡುವಟ್ಟಂ ತಲುಪುವ ಮೊದಲೇ ಒಂದು ತಿರುವಿನಲ್ಲಿ ಲಾರಿಯೊಂದು ಆಕ್ಸೆಲ್ ಮುರಿದುಕೊಂಡು ರಸ್ತೆಗೆ ಅಡ್ಡ ನಿಂತಿತ್ತು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ನಮ್ಮ ಬಸ್ಸಿನ ಮೂತಿಯೂ ಕಾಣುತ್ತಿರಲಿಲ್ಲ. ಎಂಟಾಯಿತು, ಒಂಬತ್ತಾಯಿತು. ಮೇಷ್ಟ್ರಿಗೆ ಫೋನ್ ಮಾಡಿದರೆ ಸಿಗ್ನಲ್ ಇಲ್ಲ. ಉಳಿದವರು ಇಳಿದು ಬೀಡಿ ಹಚ್ಚಿಕೊಂಡು ಹರಟುತ್ತಿದ್ದರು. ನಾನು ಸೀಟು ಬಿಟ್ಟು ಏಳಲಿಲ್ಲ. ಹಿಂದಿನ ದಿನವೇ ನಿಜ ಹೇಳಿದ್ದರೆ ಈ ಲಾರಿ ಮುರಿದರೇನು, ರಸ್ತೆಯೇ ಕುಸಿದರೇನು? ಜೇಬಿನೊಳಗೆ ಪಿನ್ನನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಂಗೈ ತರಚಿತ್ತು.

ಊಟಿ ತಲುಪಿದಾಗ ಹತ್ತೂಮುಕ್ಕಾಲು. ಸಿಗ್ನಲ್ ಸಿಕ್ಕರೂ ಮೇಷ್ಟ್ರು ಫೋನ್ ಎತ್ತಲಿಲ್ಲ. ಆಟೋದಿಂದ ಇಳಿದು ಶಾಲೆಯ ಗೇಟು ದಾಟಿದೆ. ಅಂಗಳದಲ್ಲಿ ಹೊಸ ಬಣ್ಣ ಬಳಿದುಕೊಂಡು ನನ್ನ ಹಂಟರ್ ನಿಂತಿತ್ತು. ಪಕ್ಕಕ್ಕೆ ಕಬ್ಬಿಣದ ಮೆಟ್ಟಿಲು, ಮೆಟ್ಟಿಲ ಕೆಳಗೆ ಸ್ವೆಟರ್ ತೊಟ್ಟ ಮಕ್ಕಳ ಸಾಲು. ಒಳಗೆ ಎರಡು ಜಡೆ ಕಾಣಿಸಿತು. ನನ್ನ ಮೊಮ್ಮಗಳು ಫೋಟೋದವನತ್ತ ನೋಡಿ ನಗುತ್ತಿದ್ದಳು. ಅವಳ ಎರಡೂ ಕೈ ಮೇಲೆ ಹೋಗುತ್ತಿದ್ದವು, ತಲೆಯ ಮೇಲಕ್ಕೆ.

"ಕೈ ಹೊರಗೆ!"

ಆ ಕೂಗು ನನ್ನ ಗಂಟಲಿನಿಂದ ಬಂದಿತೆಂದು ನನಗೇ ಗೊತ್ತಾಗಲಿಲ್ಲ. ಅವಳು ಒಮ್ಮೆಲೇ ಎರಡೂ ಕೈಗಳನ್ನು ಹೊರಗೆ ಚಾಚಿ ವಿಮಾನದ ಅಂಚಿನ ಮೇಲಿಟ್ಟಳು. ಎಣ್ಣೆ ಡಬ್ಬದ ಮೇಲೆ ಕೂತು ಮಾಡುತ್ತಿದ್ದಳಲ್ಲ, ಹಾಗೆಯೇ.

"ಎನ್ನಾಚು ಸಾರ್?" ಏನಾಯಿತೆಂದು ಕೇಳುತ್ತ ಮೇಷ್ಟ್ರು ಓಡಿ ಬಂದರು. "ಬಂದ ಗೆಸ್ಟಿಗೆ ಅರ್ಜೆಂಟು, ಒಂದೇ ಒಂದು ಫೋಟೋ ಅಂತ..."

ಅವರಿಗೆ ಉತ್ತರ ಕೊಡದೆ ಮೆಟ್ಟಿಲು ಹತ್ತಿದೆ. "ಅಲ್ಲಾಡಬೇಡಮ್ಮಾ" ಅಂದು, ಅವಳ ತಲೆಯ ಹಿಂದೆ ಕೈ ತೂರಿಸಿ, ಕೊಳವೆಯ ನೆತ್ತಿಯ ತೂತನ್ನು ಬೆರಳಿನಿಂದಲೇ ಹುಡುಕಿ ಪಿನ್ ಒತ್ತಿದೆ. ಹೋಗಲಿಲ್ಲ. ಮತ್ತೆ ಒತ್ತಿದೆ. ಒಳಗೆ ಏನೋ ಅಡ್ಡವಿತ್ತು. ಬೆವರು ಕಣ್ಣಿಗಿಳಿದು ಏನೂ ಕಾಣದಾಯಿತು. ಅವಳನ್ನು ಕಂಕುಳಿಗೆ ಕೈ ಕೊಟ್ಟು ಎತ್ತಿ ಮೇಷ್ಟ್ರ ಕೈಗೆ ದಾಟಿಸಿದೆ. ಆಮೇಲೆ ಕಣ್ಣೊರೆಸಿಕೊಂಡು ಬಗ್ಗಿ ನೋಡಿದೆ.

ಪಿನ್ನಿನ ತೂತಿನಲ್ಲಿ ಒಂದು ತಂತಿ. ಎರಡೆಳೆ ಮಡಚಿ, ತುದಿ ಹೊಸೆದು, ಕೈಗೆ ಚುಚ್ಚದ ಹಾಗೆ ಒಳಕ್ಕೆ ಬಾಗಿಸಿ ಕಟ್ಟಿದ್ದರು. ಅದು ನಮ್ಮ ಕೆಲಸದವರ ಕೈ, ಬೇರೆಯವರು ಹಾಗೆ ಹೊಸೆಯುವುದಿಲ್ಲ. ತಂತಿಗೆ ಒಂದು ಚೂರು ಬಟ್ಟೆ, ಒಂದು ಕಾಲಕ್ಕೆ ಕೆಂಪಗಿದ್ದದ್ದು. ಕೊಳವೆಯ ಮುಚ್ಚಳ ತಿರುಗಿಸಿದೆ. ಒಳಗೆ ಖಾಲಿ. ತೋಟಾ ತೆಗೆದು ಎಷ್ಟೋ ವರ್ಷವಾಗಿತ್ತು. ಮಕ್ಕಳಿಗೆ ಯಾವ ಅಪಾಯವೂ ಇರಲಿಲ್ಲ.

ಮೆಟ್ಟಿಲ ಮೇಲೇ ಕೂತೆ. ನೆಮ್ಮದಿ ಆಗಬೇಕಿತ್ತು. ಒಂದು ಗಳಿಗೆ ಆಯಿತು ಕೂಡ. ಆಮೇಲೆ ಹೊಳೆಯಿತು: ಖಾಲಿ ಕೊಳವೆಗೆ ಯಾರೂ ತಂತಿ ಕಟ್ಟುವುದಿಲ್ಲ. ಅದನ್ನು ಕಟ್ಟಿದಾಗ ಒಳಗೆ ತೋಟಾ ಇತ್ತು. ನಾನು ರೈಲಿನಲ್ಲಿ ಕಾಲು ಚಾಚಿ ಮಲಗಿದ್ದ ಮರುದಿನ ಬೆಳಿಗ್ಗೆ ಯಾರೋ ಒಬ್ಬ ಆ ಏಣಿ ಹತ್ತಿದ್ದಾನೆ. ನಾಲ್ಕೂ ಇರುತ್ತವೆಂದು ನಂಬಿ ಒಳಗೆ ಬಗ್ಗಿದ್ದಾನೆ. ಎಣಿಸಿದರೆ ಮೂರು. ಮೇಲೆ ಶೆಡ್ಡಿನ ತೊಲೆ, ಎದೆಯ ಕೆಳಗೆ ಬೀಗವಿಲ್ಲದ ಮದ್ದು. ಉಸಿರು ಬಿಗಿಹಿಡಿದು ಜೇಬಿನ ತಂತಿ ತೆಗೆದು ಹೊಸೆದಿದ್ದಾನೆ. ಯಾರ ಹೆಸರನ್ನೂ ಹೇಳಲಿಲ್ಲ, ಯಾರ ಮೇಲೂ ದೂರು ಕೊಡಲಿಲ್ಲ, ಕೊಟ್ಟಿದ್ದರೆ ನನಗೆ ಕರೆ ಬರುತ್ತಿತ್ತು. ಇದು ಯಾರ ಕೆಲಸ ಅಂತ ಅವನಿಗೆ ಗೊತ್ತಿತ್ತು. ಆ ಸಂಜೆ ಕೊನೆಗೆ ಏಣಿ ಇಳಿದವನು ನಾನೇ.

ನಾನು ಮೂರು ದಿನ ಹೆದರಿದ್ದು ಇಲ್ಲದ ಅಪಾಯಕ್ಕೆ. ಅವನು ಹೆದರಿದ್ದು ನಿಜವಾದದ್ದಕ್ಕೆ. ಈಗ ಇದ್ದಾನೋ ಇಲ್ಲವೋ.

ಮೊಮ್ಮಗಳು ಮೇಷ್ಟ್ರ ಕೈ ಬಿಡಿಸಿಕೊಂಡು ಮೆಟ್ಟಿಲು ಹತ್ತಿ ಬಂದಳು. ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಗೊಂಚಲು ನೋಡಿದಳು, ಒಳಗಿನ ತಂತಿ ನೋಡಿದಳು. ಅವಳು ದಡ್ಡಿಯಲ್ಲ.

"ತಾತಾ, ಇದು ಇದ್ರದ್ದೇ ಪಿನ್ನಾ? ಮತ್ತೆ ನಿನ್ನ ಹತ್ರ ಹೆಂಗ್ ಬಂತು?"

ಕೆಳಗೆ ಮೇಷ್ಟ್ರು, ಫೋಟೋದವನು, ಅಷ್ಟೂ ಮಕ್ಕಳು ನಮ್ಮನ್ನೇ ನೋಡುತ್ತ ನಿಂತಿದ್ದರು. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಬಹುಮಾನ ಕೊಟ್ಟರು ಅನ್ನಬಹುದಿತ್ತು.

"ಕದ್ದಿದ್ದೆ ಕಣಮ್ಮಾ" ಅಂದೆ. ಎಲ್ಲರಿಗೂ ಕೇಳಿಸಿತು.

ಅವಳು ಇನ್ನೊಂದು ಮೆಟ್ಟಿಲು ಹತ್ತಿದಳು. ನನ್ನ ಪಕ್ಕ ನಿಂತು ಎರಡೂ ಕೈಗಳನ್ನು ಮೆಲ್ಲಗೆ ವಿಮಾನದ ಅಂಚಿನ ಮೇಲಿಟ್ಟಳು. ನಾನು ತಂತಿಯನ್ನು ಮುಟ್ಟಲಿಲ್ಲ, ಅದು ಅಲ್ಲೇ ಇರಲಿ ಅನ್ನಿಸಿತು. ಗೊಂಚಲಿನಿಂದ ಪಿನ್ ಬಿಡಿಸಿ ಅವಳ ಮುಖದ ಮುಂದೆ ಹಿಡಿದೆ.

"ನಾಲ್ಕು" ಅಂದಳು. ಕೈ ಮಾತ್ರ ಅಂಚಿನಿಂದ ತೆಗೆಯಲಿಲ್ಲ.