ಅಟ್ಟದ ಮೇಲೊಂದು ಮುಷ್ಟಿ

ನಿಮ್ಮ ಮನೆಯ ಅಟ್ಟದ ಮೇಲೆ ಏನೇನಿದೆ ಎಂದು ಎದೆ ಮುಟ್ಟಿಕೊಂಡು ಹೇಳಬಲ್ಲಿರಾ? ಹಳೇ ಕುಕ್ಕರು, ಕೆಟ್ಟ ಮಿಕ್ಸಿ, ತೊಟ್ಟಿಲು ಎಂದು ಮೂರು ಹೆಸರು ಹೇಳಿ ನಾಲ್ಕನೆಯದಕ್ಕೆ ತಲೆ ಕೆರೆದುಕೊಳ್ಳುತ್ತೀರಿ. ನಾನೂ ಹಾಗೇ ಇದ್ದೆ, ಮರಿಸ್ವಾಮಿಯವರು ನಮ್ಮ ಮಹಡಿಗೆ ಬಾಡಿಗೆಗೆ ಬರುವ ತನಕ.

ಬಸವೇಶ್ವರನಗರದ ನಮ್ಮ ಮನೆಗೆ ಅವರು ಬಂದಾಗ ಐವತ್ತೈದು ದಾಟಿತ್ತು. ಒಂಟಿ ಮನುಷ್ಯ. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಮೆಷಿನ್ ಕೆಲಸ. ಬಂದ ಮೊದಲ ವಾರ, ನಾನು ಸಂಜೆ ತುಳಸಿಗೆ ದೀಪ ಇಡುವ ಹೊತ್ತಿಗೆ ಸರಿಯಾಗಿ ಮಹಡಿಯಿಂದ ಕಟ್, ಕಟಕ್, ಕಟ್ ಎಂದು ಸದ್ದು ಬರುತ್ತಿತ್ತು. ಅಡಿಕೆ ಕತ್ತರಿಸುತ್ತಾರೇನೋ ಎಂದುಕೊಂಡೆ. ಆದರೆ ಒಬ್ಬ ಮನುಷ್ಯ ದಿನಕ್ಕೆ ಅಷ್ಟು ಅಡಿಕೆ ತಿಂದರೆ ಬದುಕುವುದುಂಟೆ? ಒಂದು ಬಟ್ಟಲು ಹುಗ್ಗಿಯನ್ನು ನೆಪ ಮಾಡಿಕೊಂಡು ಮೇಲೆ ಹತ್ತಿದೆ.

ಗೋಡೆಯುದ್ದಕ್ಕೂ ಹಲಗೆ ಹೊಡೆದಿದ್ದರು. ಹಲಗೆಯ ಮೇಲೆ ಮೊಳಕ್ಕೂ ಕಮ್ಮಿ ಎತ್ತರದ ಕಬ್ಬಿಣದ ಮನುಷ್ಯರು, ನಲವತ್ತಕ್ಕೂ ಹೆಚ್ಚು, ಎಲ್ಲರೂ ಬಾಗಿಲ ಕಡೆ ಮುಖ ಮಾಡಿ ನಿಂತಿದ್ದರು. ಮರಿಸ್ವಾಮಿ ಒಬ್ಬೊಬ್ಬರನ್ನೇ ಎತ್ತಿಕೊಂಡು ಬೆನ್ನು ಮಡಿಚಿ, ಕಾಲು ಒಳಗೆಳೆದು, ತಲೆಯನ್ನು ಎದೆಯೊಳಗೆ ತಳ್ಳುತ್ತಿದ್ದರು. ಮನುಷ್ಯ ಲಾರಿಯಾಗುತ್ತಿದ್ದ. ಇನ್ನೊಬ್ಬ ವಿಮಾನವಾಗುತ್ತಿದ್ದ. ನನ್ನನ್ನು ನೋಡಿ ಅವರು ನಾಚಲಿಲ್ಲ.

“ಬೆನ್ನು ಮೊದ್ಲು, ತಲೆ ಕೊನೇಗೆ ಅಮ್ಮೋರೆ. ತಲೆ ಮೊದ್ಲು ಮಡಿಚಿದ್ರೆ ಮುರ್ದೋಗುತ್ತೆ” ಎಂದರು.

ಈ ಮಾತನ್ನು ಅವರು ಎಲ್ಲದಕ್ಕೂ ಬಳಸುತ್ತಿದ್ದರು. ಬಸ್ಸಿನಿಂದ ಇಳಿಯುವುದಕ್ಕೂ, ಹಾಸಿಗೆ ಸುತ್ತುವುದಕ್ಕೂ, ನಮ್ಮತ್ತೆಯ ಜೊತೆ ಮಾತಾಡುವುದಕ್ಕೂ.

ಅಷ್ಟೂ ಗೊಂಬೆಗಳು ಜಪಾನಿನಿಂದ ಬಂದವು. ಪ್ರತಿ ಶನಿವಾರ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ವಿಜಯನಗರದ ಸೈಬರ್ ಕೆಫೆಗೆ ಹೋಗುವರು. ಕಂಪ್ಯೂಟರಿನಲ್ಲಿ ಮಾರಾಟಕ್ಕಿಟ್ಟ ಗೊಂಬೆಯ ಚಿತ್ರ ಒಂದೇ ಸಲಕ್ಕೆ ಬರುತ್ತಿರಲಿಲ್ಲವಂತೆ. ಮೊದಲು ತಲೆ, ಐದು ನಿಮಿಷಕ್ಕೆ ಎದೆ, ಕೊನೆಗೆ ಕಾಲು. “ಅವ್ನು ಇಳಿದು ಬರೋದನ್ನ ಕೂತ್ಕೊಂಡು ನೋಡ್ತೀನಿ. ಪೂರ್ತಿ ಇಳಿದ್ಮೇಲೆ ಕರೆಸ್ಕೋತೀನಿ” ಎನ್ನುವರು. ಕರೆಸಿಕೊಂಡವನು ಬಂದು ಮುಟ್ಟಲು ಒಂದೂವರೆ ತಿಂಗಳು. ಹಗಲು ಅವರು ಮನೆಯಲ್ಲಿರುತ್ತಿರಲಿಲ್ಲವಾದ್ದರಿಂದ ಪಾರ್ಸೆಲ್ ನನ್ನ ಹೆಸರಿಗೆ. ಪೋಸ್ಟ್‌ಮ್ಯಾನ್ ಗೇಟಿನಲ್ಲೇ ನಿಂತು, “ಏನ್ ಆಂಟಿ, ಜಪಾನಲ್ಲಿ ಯಾರಿದಾರೆ ನಿಮ್ಗೆ?” ಎಂದು ಬೀದಿಗೆಲ್ಲ ಕೇಳಿಸುವ ಹಾಗೆ ಕೇಳುವನು. “ನನ್ ಎರಡನೇ ಗಂಡ ಕಣಪ್ಪ, ಮಡಿಚಿ ಡಬ್ಬೀಲಿ ಹಾಕ್ಕೊಂಡ್ ಬಂದಿದೀಯ, ಕೊಡು” ಎಂದು ಸಹಿ ಹಾಕುತ್ತಿದ್ದೆ.

ಹೊಸ ಗೊಂಬೆಗಳಲ್ಲ ಅವು. ಎಲ್ಲವೂ ಯಾರೋ ಆಡಿ ಬಿಟ್ಟವು. ಒಂದರ ಅಂಗಾಲನ್ನು ತಿರುಗಿಸಿ ತೋರಿಸಿದ್ದರು. ಮಗುವೊಂದು ವಕ್ರವಕ್ರವಾಗಿ ತನ್ನ ಹೆಸರನ್ನು ಅಲ್ಲಿಯ ಲಿಪಿಯಲ್ಲಿ ಕೆತ್ತಿತ್ತು. ಸುಮಾರು ಗೊಂಬೆಗಳ ಅಂಗಾಲಲ್ಲಿ ಹಾಗೆ ಒಂದೊಂದು ಹೆಸರು.

“ಇವ್ರೆಲ್ಲ ಯಾರ್ದೋ ಮನೆ ಬಿಟ್ಟು ಬಂದೋರು. ಕತ್ಲಾಗ್ತಿದ್ದ ಹಾಗೆ ಊರು ನೆನಪಾಗುತ್ತೆ. ಕಾಲಿದ್ರೆ ತಾನೇ ಹೊರಡೋದು? ದೀಪ ಹಚ್ಚೋದ್ರೊಳಗೆ ಮಡಿಚಿಟ್ಬಿಡ್ತೀನಿ.”

ನಾನು ನಕ್ಕೆ. ಅವರು ನಗಲಿಲ್ಲ. ಮೆಟ್ಟಿಲಿಳಿಯುವಾಗ ನನ್ನ ಬೆನ್ನಿಗೆ ಏನೋ ತಣ್ಣಗೆ ತಾಕಿದಂತಾಯಿತು, ತಿರುಗಿ ನೋಡಲಿಲ್ಲ.

ಯಾಕೆ ಈ ಹುಚ್ಚು ಎಂದು ಒಮ್ಮೆ ನೇರವಾಗಿಯೇ ಕೇಳಿದ್ದೆ. “ಮೂವತ್ತು ವರ್ಷದಿಂದ ಒಂದೇ ಥರದ ತಗಡಿನ ಪಟ್ಟಿ ಒತ್ತುತಾ ಇದೀನಿ ಅಮ್ಮೋರೆ, ಇಷ್ಟುದ್ದ, ಎರಡು ತೂತು. ಅದು ಹೋಗಿ ಯಾವುದಕ್ಕೆ ಸೇರ್ಕೊಳ್ತು ಅಂತ ಇವತ್ತಿಗೂ ನೋಡಿಲ್ಲ. ಇಲ್ಲಿ ಎಲ್ಲಾನೂ ಸೇರುತ್ತೆ. ಒಂದು ತುಂಡೂ ಹೊರಗೆ ಉಳಿಯಲ್ಲ” ಎಂದರು. ಆಯುಧಪೂಜೆಯ ದಿನ ನಲವತ್ತು ಗಾಡಿಗಳಿಗೂ ಕುಂಕುಮ ಇಟ್ಟು, ಚಕ್ರದ ಕೆಳಗೆ ಗೋಲಿಯಷ್ಟು ಎಳೇ ನಿಂಬೆಕಾಯಿ ಇಟ್ಟು ಹತ್ತಿಸಿ ಇಳಿಸುತ್ತಿದ್ದರು. ಒಂದು ಟ್ರೇ ನಿಂಬೆಕಾಯಿಗಾಗಿ ಮಾರ್ಕೆಟ್ ಸುತ್ತಿದ ಮಹಾನುಭಾವ.

ಇನ್ನು ನನ್ನ ತಪ್ಪಿನ ಕಥೆ. ನವರಾತ್ರಿಗೆ ನಮ್ಮ ಮನೆಯಲ್ಲಿ ಗೊಂಬೆ ಕೂರಿಸುತ್ತೇವೆ. ಪಟ್ಟದ ರಾಜ ರಾಣಿ ನಮ್ಮತ್ತೆಯ ತವರಿನವು. ಆ ವರ್ಷ ನನಗೆ ತುಂಟತನ. ರಾಜನ ಪಕ್ಕ ಒಬ್ಬ ಜಪಾನಿ ಕಾವಲುಗಾರ ನಿಂತರೆ ಬಂದ ಹೆಂಗಸರೆಲ್ಲ ಬಾಯಿ ಬಿಡುತ್ತಾರಲ್ಲ ಎಂದು ಮರಿಸ್ವಾಮಿಯವರಲ್ಲಿ ಕೇಳಿದೆ. ಕೆಂಪು ಎದೆಯ, ಎಲ್ಲಕ್ಕಿಂತ ಹಳೆಯ ಗೊಂಬೆಯನ್ನೇ ಕೊಟ್ಟರು. ಮಡಿಚುವುದನ್ನು ಮೂರು ಸಲ ಹೇಳಿಕೊಟ್ಟರು. “ದಿನಾ ಸಂಜೆ ಗಾಡಿ ಮಾಡ್ಬಿಡಿ, ಮರೀಬೇಡಿ” ಎಂದರು.

ಒಂಬತ್ತು ದಿನ ಮಾಡಿದೆ. ವಿಜಯದಶಮಿಯ ಸಂಜೆ ಆರತಿಗೆ ಬಂದವರ ಗಲಾಟೆಯಲ್ಲಿ ಬೆನ್ನು ಸಿಕ್ಕಿಹಾಕಿಕೊಂಡಿತು, ಮಡಿಚಲಾಗಲಿಲ್ಲ. ಅವತ್ತು ರಾಜ ರಾಣಿಯನ್ನು ಮಲಗಿಸುವ ಪದ್ಧತಿ ಇದೆಯಲ್ಲ, ಹಬ್ಬ ಮುಗಿಯಿತು, ಇನ್ನು ವರ್ಷ ನಿದ್ದೆ ಮಾಡಿ ಎಂದು. ಇವನೂ ಗೊಂಬೆ ತಾನೇ, ಮಲಗಿಸಿದರಾಯಿತು ಎಂದು ಅವರಿಬ್ಬರ ನಡುವೆಯೇ ಅಂಗಾತ ಮಲಗಿಸಿ ಹಳೇ ಸೀರೆಯ ತುಂಡು ಹೊದಿಸಿದೆ. ಬೆಳಿಗ್ಗೆ ನಮ್ಮತ್ತೆ ಗೊಂಬೆಗಳನ್ನೆಲ್ಲ ಸುತ್ತಿ, ತಗಡಿನ ಟ್ರಂಕಿಗೆ ತುಂಬಿ, ಹಗ್ಗ ಬಿಗಿದು, ಅಡುಗೆಮನೆಯ ಅಟ್ಟಕ್ಕೆ ಏರಿಸಿಯೂ ಆಗಿತ್ತು. ಜಪಾನಿಯನ್ನು ಮಾತ್ರ ಹೊರಗೆ ಇಟ್ಟಿದ್ದರು. ಎತ್ತಿಕೊಂಡೆ. ಬಲಗೈಯ ಮುಷ್ಟಿ ಇರಲಿಲ್ಲ. ಹುಣಸೆಬೀಜದಷ್ಟು ದೊಡ್ಡ ಮುಷ್ಟಿ.

“ಅತ್ತೆ, ಟ್ರಂಕು ಒಂದ್ ನಿಮಿಷ ಬಿಚ್ಲಾ?”

“ಮಲಗಿದೋರನ್ನ ಎಬ್ಬಿಸ್ತಾರೇನೇ? ಮುಂದಿನ ನವರಾತ್ರಿ ತನಕ ಆ ಗಂಟು ಮುಟ್ಟಿದ್ರೆ ನೋಡು.”

ಮೇಲೆ ಹೋಗಿ ಗೊಂಬೆ ಕೊಟ್ಟೆ. ಮರಿಸ್ವಾಮಿ ಅದನ್ನು ತಿರುಗಿಸಿ ನೋಡಿ ನನ್ನ ಮುಖ ನೋಡಿದರು. ನಾನು ಹೇಳಿದ್ದು ಇದು: “ಕೈ ಮೊದ್ಲೇ ಇರ್ಲಿಲ್ವೇನೋಪ್ಪ. ಆ ಜಪಾನಿನೋನು ಹಂಗೇ ಕಳಿಸಿರ್ಬೇಕು.”

“ಇರಬಹುದು ಅಮ್ಮೋರೆ. ಕೇಳ್ತೀನಿ” ಎಂದರು.

ಅವತ್ತಿನಿಂದ ಆ ಒಬ್ಬನನ್ನು ಅವರು ಮಡಿಚಲಿಲ್ಲ. ಒಂದು ತುಂಡು ಹೊರಗಿದ್ದಾಗ ಮಡಿಚಬಾರದಂತೆ, ಕೈ ಬರುವವರೆಗೂ ನಿಂತೇ ಇರಬೇಕಂತೆ. ಕಿಟಕಿಯಲ್ಲಿ ನಿಲ್ಲಿಸಿದರು. ನಾನು ತುಳಸಿಗೆ ದೀಪ ಇಟ್ಟು ತಲೆಯೆತ್ತಿದರೆ ಮೇಲಿನ ಕಿಟಕಿಯಿಂದ ಮೊಂಡುಗೈಯವನು ನನ್ನನ್ನೇ ನೋಡುತ್ತಿರುತ್ತಿದ್ದ. ಅವನ ಹಿಂದೆ ಕುರ್ಚಿಯಲ್ಲಿ ಮರಿಸ್ವಾಮಿ.

“ಮಲಗಲ್ವಾ ನೀವು?”

“ಅವ್ನು ನಿಂತಿರೋವಾಗ ನಾನು ಹೆಂಗೆ ಮಲಗ್ಲಿ? ಕಣ್ಣು ಮುಚ್ಚಿದ್ರೆ ಹೊರಟುಬಿಡ್ತಾನೆ.”

ಕಣ್ಣು ಕೆಂಪಾಗುತ್ತಾ ಬಂತು. ಕೆನ್ನೆ ಒಳಗೆ ಹೋಯಿತು. ಪ್ರೆಸ್ ಮೆಷಿನ್ನಿನ ಮುಂದೆ ನಿದ್ದೆಗೆಟ್ಟವನು ಕೂತರೆ ಏನಾಗುತ್ತದೆ ಎಂದು ನನಗೂ ಗೊತ್ತಿತ್ತು. ನಾಳೆ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ ಎಂದುಕೊಂಡೆ. ಹೇಳಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅವರೇ ಕೆಳಗೆ ಬಂದರು. “ನಿಮ್ಮ ಅಟ್ಟದಲ್ಲಿ ಏನೋ ಸದ್ದಾಗುತ್ತಲ್ಲ ಅಮ್ಮೋರೆ. ನಮ್ಮ ನೆಲದ ಕೆಳಗೇ ಕೇಳುತ್ತೆ.”

“ಇಲಿ ಇರ್ಬೇಕು.”

“ಇಲಿ ಮೂರು ಮೂರು ಸಲ ಎಣಿಸಿ ಬಡಿಯುತ್ತಾ?”

ಅವರು ಹೋದ ಮೇಲೆ ಕಿವಿಗೊಟ್ಟು ಕೂತೆ. ಕರೆಂಟು ಹೋಗಿತ್ತು, ಫ್ಯಾನು ನಿಂತಿತ್ತು. ಟಕ್ ಟಕ್ ಟಕ್. ಬಿಡುವು. ಟಕ್ ಟಕ್ ಟಕ್. ತಗಡಿನ ಮೇಲೆ ಬೆರಳ ಗಿಣ್ಣಿನಿಂದ ಬಡಿದ ಹಾಗೆ. ಥೂ, ಮೇಲೆ ಕೂತು ನನ್ನ ಬಾಯಿ ಬಿಡಿಸಲು ನೆಲ ಬಡಿಯುತ್ತಿದ್ದಾನೆ ಕಳ್ಳ ಎಂದು ಬೈದುಕೊಂಡೆ. ಬೈದುಕೊಂಡರೂ ಅಡುಗೆಮನೆಗೆ ಒಬ್ಬಳೇ ಹೋಗಲಿಲ್ಲ.

ಆ ಆಷಾಢದಲ್ಲಿ ನಮ್ಮತ್ತೆ ತೀರಿಕೊಂಡರು. ಸಾವಾದ ಮನೆಯಲ್ಲಿ ಆ ವರ್ಷ ಗೊಂಬೆ ಕೂರಿಸುವುದಿಲ್ಲ. ಟ್ರಂಕು ಇನ್ನೊಂದು ವರ್ಷ ಅಟ್ಟದಲ್ಲೇ ಉಳಿಯಿತು. ಕೇಳಿ ಬೈಯುವವರು ಯಾರೂ ಇರಲಿಲ್ಲ, ಏಣಿ ಹಾಕಿ ಹತ್ತಿದೆ ಕೂಡ. ಹಗ್ಗದ ಗಂಟನ್ನು ಕಂಡು ಕೈ ಹಿಂದೆ ಬಂತು. ಸತ್ತವರು ತಮ್ಮ ಕೈಯಾರೆ ಹಾಕಿದ ಗಂಟು ಅದು. ಅಷ್ಟು ಹತ್ತಿರದಲ್ಲಿ ಒಳಗಿನಿಂದ ಟಕ್ ಎಂದಿತು, ಒಂದೇ ಸಲ. ಇಳಿದುಬಿಟ್ಟೆ.

ಮಾರ್ಗಶಿರದಲ್ಲಿ ಕಾರ್ಖಾನೆಯಲ್ಲಿ ಮರಿಸ್ವಾಮಿ ತೂಕಡಿಸಿದರು. ಪ್ರೆಸ್ಸು ಬಲಗೈಯ ಶರ್ಟು ತೋಳನ್ನು ಕಚ್ಚಿ ಹರಿಯಿತು, ಕೈ ಕೂದಲೆಳೆಯಲ್ಲಿ ಉಳಿಯಿತು. ಅವರು ಕೆಲಸ ಬಿಟ್ಟರು. ಕೆಂಗೇರಿಯ ತಂಗಿ ಬಂದು ಅಣ್ಣನನ್ನೂ ಗೊಂಬೆಗಳನ್ನೂ ಕರೆದುಕೊಂಡು ಹೋದಳು. ಟೆಂಪೋದಲ್ಲಿ ನಲವತ್ತು ಗಾಡಿಗಳು ಡಬ್ಬಿಯೊಳಗೆ, ಒಬ್ಬ ಮಾತ್ರ ಅವರ ತೊಡೆಯ ಮೇಲೆ ನಿಂತುಕೊಂಡು ಹೋದ. ಅವರು ಹೋದ ಮೇಲೂ ಅಟ್ಟದ ಸದ್ದು ನಿಂತಿರಲಿಲ್ಲ ಎಂದರೆ ನೀವು ನಂಬುವುದಿಲ್ಲ. ಮಹಡಿ ಖಾಲಿಯಿರುವ ಮನೆಯಲ್ಲಿ ಪೈಪು ಬಡಿದುಕೊಳ್ಳುತ್ತದೆ ಎಂದು ನಾನೇ ನನಗೆ ಹೇಳಿಕೊಂಡೆ.

ಮುಂದಿನ ನವರಾತ್ರಿಗೆ ಟ್ರಂಕು ಇಳಿಸಿ ಗಂಟು ಬಿಚ್ಚಿದೆ. ಮುಷ್ಟಿ ರಾಣಿಗೆ ಸುತ್ತಿದ ಸೀರೆ ತುಂಡಿನ ಮಡಿಕೆಯಲ್ಲಿ ತಳದಲ್ಲೆಲ್ಲೋ ಇರಬೇಕೆಂದು ಎಣಿಸಿದ್ದೆ. ಎಲ್ಲದರ ಮೇಲೆ, ಮುಚ್ಚಳಕ್ಕೆ ತಾಗುವ ಹಾಗೆ ಕೂತಿತ್ತು. ಮುಚ್ಚಳದ ಒಳಮೈಯಲ್ಲಿ ಹುಣಸೆಬೀಜದಗಲದ ಗುಳಿಗಳು, ಒಂದರ ಪಕ್ಕ ಒಂದು. ಹಳೇ ಟ್ರಂಕು, ಮೊದಲೇ ಇದ್ದಿರಬಹುದು. ಮೊದಲು ನಾನು ನೋಡಿರಲಿಲ್ಲ ಅಷ್ಟೇ.

ಗೊಂಬೆ ಕೂರಿಸುವುದನ್ನು ಅಲ್ಲಿಗೇ ಬಿಟ್ಟು ಕೆಂಗೇರಿ ಬಸ್ಸು ಹತ್ತಿದೆ. ಮುಷ್ಟಿಯನ್ನು ಕುಂಕುಮದ ಭರಣಿಯಲ್ಲಿ ಹಾಕಿ ಸೆರಗಿಗೆ ಕಟ್ಟಿಕೊಂಡಿದ್ದೆ. ದಾರಿಯುದ್ದಕ್ಕೂ ಅದು ಸುಮ್ಮನಿತ್ತು. ಈಗ ಇದನ್ನು ಬರೆಯುತ್ತಿರುವ ಈ ಫೋನಿನಲ್ಲಿ ಮುಷ್ಟಿ ಎಂದು ಒತ್ತಿದರೆ ಪುಟ್ಟದೊಂದು ಹಳದಿ ಮುಷ್ಟಿಯ ಚಿತ್ರ ತಾನೇ ಎದ್ದು ಬಂದು ಕೂರುತ್ತದೆ. ಪ್ರತಿ ಸಲವೂ ಅಳಿಸಿ ಮುಂದೆ ಹೋಗುತ್ತಿದ್ದೇನೆ.

ಮರಿಸ್ವಾಮಿ ಮಂಚದಲ್ಲಿದ್ದರು. ಹೊದಿಕೆಯ ಕೆಳಗೆ ಮನುಷ್ಯ ಇದ್ದಾನೋ ಇಲ್ಲವೋ ಎನ್ನುವಷ್ಟು ಇಳಿದಿದ್ದರು. ಕಿಟಕಿಯಲ್ಲಿ ಅವನು ನಿಂತಿದ್ದ. ಮುಷ್ಟಿಯನ್ನು ಅವರ ಅಂಗೈಗೆ ಹಾಕಿ, ನಾನು ಸುಳ್ಳು ಹೇಳಿದ್ದು, ಅದು ಟ್ರಂಕಿನಲ್ಲಿ ಸೇರಿಕೊಂಡಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ಗೊಂಬೆಯನ್ನು ತರಿಸಿಕೊಂಡು ಮುಷ್ಟಿ ಒತ್ತಿದರು. ಕಟ್. ಆಮೇಲೆ ಬೆನ್ನು, ಕಾಲು, ಕೊನೆಗೆ ತಲೆ. ಎರಡು ವರ್ಷದ ಮೇಲೆ ಅವನು ಲಾರಿಯಾದ. ಅದನ್ನು ಎದೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಸಂಕ್ರಾಂತಿಯ ಹೊತ್ತಿಗೆ ಅವರು ಇರಲಿಲ್ಲ. ನಿದ್ದೆಯಲ್ಲೇ ಹೋದರು ಎಂದು ತಂಗಿ ಫೋನ್ ಮಾಡಿದ್ದಳು. ಆದರೆ ನಾನು ಮುಷ್ಟಿ ಕೊಟ್ಟ ಅವತ್ತು ಇನ್ನೂ ಮಾತು ಉಳಿದಿತ್ತು.

“ಜಪಾನಿಗೆ ಬರೆದ್ರಾ ಕೈ ಬಗ್ಗೆ?” ಎಂದೆ.

“ಇಲ್ಲ. ಅದು ಎಲ್ಲಿದೆ ಅಂತ ಗೊತ್ತಿತ್ತಲ್ಲ” ಎಂದರು, ಕಣ್ಣು ತೆರೆಯದೆ.

ನನಗೆ ಅಳುವೂ ಬಂತು, ಸಿಟ್ಟೂ ಬಂತು. “ಗೊತ್ತಿದ್ಮೇಲೆ ಬಾಯಿಬಿಟ್ಟು ಕೇಳೋಕೇನಾಗಿತ್ತು? ಮೇಲೆ ಕೂತ್ಕೊಂಡು ನೆಲ ಬಡಿದೂ ಬಡಿದೂ ನನ್ ಪ್ರಾಣ ತೆಗೆದ್ರಲ್ಲ!”

ಮರಿಸ್ವಾಮಿ ಕಣ್ಣು ಬಿಟ್ಟರು.

“ನಾನೆಲ್ಲಿ ಬಡಿದೆ ಅಮ್ಮೋರೆ? ಆ ಸದ್ದು ಕೇಳಿ, ನೀವು ಟ್ರಂಕು ತೆಗೆಯೋಕೆ ಒದ್ದಾಡ್ತಿದೀರಿ, ಇವತ್ತೋ ನಾಳೆಯೋ ಕೈ ತಂದು ಕೊಡ್ತೀರಿ ಅಂತ ತಾನೇ ನಾನು ಎರಡು ವರ್ಷ ಎದ್ದು ಕೂತಿದ್ದು!”