ಅತ್ತೆ ಬರೆದ ಕಾವಿ

ತೊಂಬತ್ತರ ದಶಕದಲ್ಲಿ ನನಗೆ ರಕ್ತದ ಕ್ಯಾನ್ಸರ್ ಆಗಿ, ಮುಂಬೈಯಲ್ಲಿ ಅಕ್ಕನ ಅಸ್ಥಿಮಜ್ಜೆ ಹಾಕಿಸಿಕೊಂಡು ನಮ್ಮೂರು ಐಗಳಿಗೆ ಜೀವಂತ ವಾಪಸಾದೆ. ನೋಡಲು ಬಂದವರೆಲ್ಲ ಸತ್ತವಳನ್ನು ನೋಡುವಂತೆ ಬಾಗಿಲಲ್ಲೇ ನಿಂತು ಲೊಚಗುಟ್ಟುತ್ತಿದ್ದರು. “ಇನ್ನೂ ಹೋಗಿಲ್ರಿ ನಾ, ಇಲ್ಲೇ ಅದೇನಿ” ಎನ್ನುತ್ತಿದ್ದೆ. ಅವ್ವ ಕಣ್ಣು ಕೆಕ್ಕರಿಸುತ್ತಿದ್ದಳು. ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವಳು ನಾನು. ಬಾಯಿ ಜೋರು ಎಂಬ ಹೆಸರು ನನ್ನ ಕಾಯಿಲೆಗಿಂತ ಹಳೆಯದು.

ಮುಂಬೈಯ ಡಾಕ್ಟರು ಕಳಿಸುವಾಗ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದ್ದರು. ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ ಮೈಬಿಟ್ಟು ಹೋಗಿಲ್ಲ, ನರದ ಬುಡದಲ್ಲಿ ಮಲಗಿದೆ. ಮೈಯ ಕಾವಲು ಈಗ ಹೊಸದು, ಎಳೆಯದು. ಆ ವೈರಸ್ ಎದ್ದರೆ ಮೈಯೆಲ್ಲ ಹರಡಿ ಶ್ವಾಸಕೋಶಕ್ಕೂ ಇಳಿದೀತು. ಒಂದು ಗುಳ್ಳೆ ಕಂಡರೂ ಅದೇ ದಿನ ದವಾಖಾನೆಗೆ ಹೋಗಬೇಕು.

ಮಜ್ಜೆ ಹಾಕಿಸಿಕೊಂಡ ಏಳನೆಯ ತಿಂಗಳು ಎಡ ಬೆನ್ನಿನಿಂದ ಪಕ್ಕೆಯವರೆಗೆ ಉರಿ ಹತ್ತಿತು. ಮರುದಿನ ಗುಳ್ಳೆಗಳ ಸಾಲು. ಸರ್ಪಸುತ್ತು. ಅದೇ ದಿನ ಹೋಗಬೇಕಾದವಳು ಹೋಗಲಿಲ್ಲ, ಯಾಕೆಂದರೆ ಮನೆಯಲ್ಲಿ ಅತ್ತೆ ಇದ್ದಳು, ಅಪ್ಪನ ಅಕ್ಕ. ಸರ್ಪಸುತ್ತಿಗೆ ಕಾವಿ ಬರೆಯುವುದರಲ್ಲಿ ಅವಳ ಕೈಗುಣ ಅಥಣಿಯವರೆಗೂ ಹೆಸರಾಗಿತ್ತು. ಕೆಂಪು ಕಾವಿ ತೇಯ್ದು, ಗುಳ್ಳೆಗಳ ಮೇಲೆ ದಪ್ಪಗೆ ಬಳಿದು, ಸರ್ಪದ ಹೆಡೆ ಬಾಲ ಕೂಡದಂತೆ ಎರಡೂ ತುದಿಗೆ ಗೆರೆ ಎಳೆಯುತ್ತಿದ್ದಳು. ಕೂಡಿದರೆ ಸಾವು. ಐದು ದಿನ ನೀರು ತಾಗಿಸುವಂತಿಲ್ಲ, ಹೊಸ್ತಿಲು ದಾಟುವಂತಿಲ್ಲ. ನನಗೆ ಇದರಲ್ಲಿ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಆದರೆ ನಾನು ಮುಂಬೈಯಲ್ಲಿದ್ದಷ್ಟು ದಿನ ನನ್ನ ಹೆಸರಿನಲ್ಲಿ ಒಪ್ಪೊತ್ತು ಉಂಡವಳು ಅವಳು. ಬೇಡ ಎನ್ನಲು ಬಾಯಿ ಬರಲಿಲ್ಲ, ಬೆನ್ನು ಕೊಟ್ಟು ಕೂತೆ. ಇವತ್ತಿಗೂ ಅದಕ್ಕೆ ನನ್ನ ಮೇಲೆ ನನಗೆ ಸಿಟ್ಟಿದೆ.

ಕಾವಿ ಒಣಗಿ ಬಿಗಿಯಿತು. ಅದರ ಕೆಳಗೆ ಏನು ನಡೆದಿದೆಯೆಂದು ಯಾರಿಗೂ ಕಾಣುತ್ತಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕನ್ನಡಿಯಲ್ಲಿ ನೋಡಿದರೆ ಗದ್ದದ ಮೇಲೊಂದು ಗುಳ್ಳೆ, ಕಿವಿಯ ಹತ್ತಿರ ಇನ್ನೊಂದು. ಬೆನ್ನಿನದು ಮುಖಕ್ಕೆ ಬಂತೆಂದರೆ ಮೈಯೆಲ್ಲ ತಿರುಗಾಡಲು ಹೊರಟಿದೆ ಎಂದೇ ಅರ್ಥ. ಸಿಟ್ಟು ಬಂತು. ಅಕ್ಕನ ಮಜ್ಜೆ ಹೊತ್ತು ಇಷ್ಟು ದೂರ ಬಂದವಳು ಒಂದು ಹಿಡಿ ಕೆಂಪು ಮಣ್ಣಿನ ಕೆಳಗೆ ಸಾಯಬೇಕೆ? ಬಚ್ಚಲಿಗೆ ಹೋಗಿ ಕೈಗೆ ಎಟುಕಿದಷ್ಟನ್ನು ತೊಳೆದೆ.

ಕೆಂಪು ನೀರು ಮೋರಿಗೆ ಹರಿಯುವುದನ್ನು ಅತ್ತೆ ನೋಡಿದಳು.

“ಯಾರು ತೊಳಿ ಅಂದ್ರು ನಿನಗ?”

“ಯಾರೂ ಅಂದಿಲ್ಲ. ಮಿರಜಿನ ದವಾಖಾನಿಗೆ ಹೊಂಟೇನಿ.”

“ಹೊಸ್ತಿಲ ದಾಟಿದ್ರ ಸಾಯ್ತಿ.”

“ಇಲ್ಲೇ ಕುಂತ್ರೂ ಸಾಯ್ತೇನಿ, ಅತ್ತಿ. ಸಾಯೂದಾದ್ರ ದಾರ್ಯಾಗ ಸಾಯ್ತೇನಿ, ಮನ್ಯಾಗ ಕುಂತು ಸಾಯಂಗಿಲ್ಲ.”

ನಾನು ಮೂಗು ಬಾಯಿ ಕಟ್ಟಿಕೊಂಡು ಹೊರಟು, ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತೆ. ಬಸ್ಸು ಹೊರಡುವ ಹೊತ್ತಿಗೆ ಅತ್ತೆ ಏದುಸಿರು ಬಿಡುತ್ತ ಹತ್ತಿ ಪಕ್ಕದಲ್ಲಿ ಕೂತಳು. ತೊಡೆಯ ಮೇಲೆ ನನ್ನ ಬಟ್ಟೆಯ ಚೀಲ.

ಮಿರಜಿನ ದವಾಖಾನೆಯಲ್ಲಿ ಡಾಕ್ಟರಬಾಯಿ ಮುಂಬೈಯ ಕಾಗದ ಓದಿ ಎದ್ದೇ ನಿಂತರು. ಮೂರು ದಿನ ಏನು ಮಾಡುತ್ತಿದ್ದೆ ಎಂದು ಮರಾಠಿಯಲ್ಲಿ ಬೈದರು. ನನ್ನ ಕೈ ಎಟುಕದ ಬೆನ್ನಿನ ನಡುಭಾಗದಲ್ಲಿ ಕಾವಿ ಹಾಗೇ ಇತ್ತು. ಸಲೈನಿನಲ್ಲಿ ಈಗಲೇ ಔಷಧಿ ಶುರುಮಾಡಬೇಕು, ಎಲ್ಲಿಯವರೆಗೆ ಹರಡಿದೆ ನೋಡಬೇಕು, ಮೊದಲು ಇದನ್ನು ಒರೆಸು ಎಂದು ನರ್ಸಿಗೆ ಹೇಳಿದರು.

ಅತ್ತೆಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತಿತ್ತು, ಎಲ್ಲ ಕೇಳಿಸಿಕೊಂಡಿದ್ದಳು. ಗೆರೆ ಅಳಿಸಿದರೆ ಹೆಡೆ ಬಾಲ ಕೂಡುತ್ತವೆ, ಹುಡುಗಿ ಉಳಿಯುವುದಿಲ್ಲ ಎಂದು ಅವಳು ಆಗಲೂ ನಂಬಿದ್ದಳು. ನಾನು ಜಗಳಕ್ಕೆ ತಯಾರಾಗಿಯೇ ತಿರುಗಿದೆ. ಅವಳು ನರ್ಸಿನ ಕೈಯಿಂದ ಒದ್ದೆ ಬಟ್ಟೆ ತೆಗೆದುಕೊಂಡಳು.

“ನಾ ಬರದದ್ದು, ನಾನ ಒರಸ್ತೇನಿ. ನೀ ಆ ಕಡೆ ಮಾರಿ ಮಾಡು.”

ನಾನು ಗೋಡೆಯ ಕಡೆ ಮುಖ ಮಾಡಿದೆ. ಬೆನ್ನ ಮೇಲೆ ಅವಳ ಕೈ ಒದ್ದೆ ಬಟ್ಟೆ ಒತ್ತಿ ಒರೆಸತೊಡಗಿತು. ಗೆರೆ ಪೂರ್ತಿ ಹೋಗುವವರೆಗೂ ಆ ಕೈ ನಿಲ್ಲಲಿಲ್ಲ.