ಹತ್ತನೇ ದಿನ ತಿಪ್ಪೆಗೆ ಬಿದ್ದ ಗುಳಿಗೆ

ತಂಗಿಯ ಗುಳಿಗೆಗಳನ್ನು ಅಪ್ಪ ತಿಪ್ಪೆಗೆ ಎಸೆದರೆಂದು ತಿಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಮೂರು ತಿಂಗಳಿಂದ ಅವಳು ಮಾತು ಬಿಟ್ಟಿದ್ದಳು. ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು, ಬಲವಂತ ಮಾಡಿದರೆ ಎರಡು ತುತ್ತು. ಇದು ಖಿನ್ನತೆ, ಹೀಗೇ ಬಿಟ್ಟರೆ ಉಳಿಯುವುದು ಕಷ್ಟ ಎಂದು ಗುಳಿಗೆ ಬರೆದುಕೊಟ್ಟ ಚಿತ್ರದುರ್ಗದ ಡಾಕ್ಟರು ನನಗೆ ನೇರವಾಗಿಯೇ ಹೇಳಿದ್ದರು.

ತಾಳ್ಯದ ಹತ್ತಿರದ ನಮ್ಮ ಹಳ್ಳಿಯಲ್ಲಿ ಬಸ್ಸಿಳಿದವನೇ ಜಗಳಕ್ಕೆ ನಿಂತೆ.

"ಹತ್ತು ದಿನ ನುಂಗಿಸ್ದೆ. ಏನ್ ಕಿಸೀತು ಅದು?" ಎಂದರು ಅಪ್ಪ. "ಕುರಿಗೆ ಔಷ್ದಿ ಹೊಯ್ದ್ರೆ ಮಾರನೇ ದಿನ ಎದ್ದು ಮೇಯ್ತೈತೆ. ಏಳ್ಲಿಲ್ಲ ಅಂದ್ರೆ ಆ ಔಷ್ದಿ ಬಿಸಾಕ್ತೀವಿ."

"ಅವಳೇನು ಕುರೀನಾ?"

"ಕುರಿ ಆಗಿದ್ರೆ ಉಳಿಸ್ಕಂತಿದ್ದೆ ಕಣಲೇ!"

ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವನು. ಸಿಟ್ಟಿನಲ್ಲೇ ಒದರಿದೆ: ಒಂದು ನರಕೋಶ ಪಕ್ಕದ್ದಕ್ಕೆ ಸುದ್ದಿ ಮುಟ್ಟಿಸಲು ನಡುವಿನ ಸಂದಿಗೆ ಸೆರೊಟೋನಿನ್ ಎಂಬ ರಾಸಾಯನಿಕ ಬಿಡುತ್ತದೆ. ಆಮೇಲೆ ಕೋಶದ ಪೊರೆಯಲ್ಲಿರುವ ಸಾಗಣೆ ಪ್ರೋಟೀನು ಅದನ್ನು ವಾಪಸ್ ಒಳಗೆಳೆದುಕೊಳ್ಳುತ್ತದೆ. ಜತೆಗೆ ಸೋಡಿಯಂ ನುಗ್ಗದಿದ್ದರೆ ಅದೂ ಒಳಹೋಗದು.

ಅಪ್ಪ ಬೀಡಿ ಆರಿಸಿದರು. "ಹೋತ ಮುಂದೆ ನುಗ್ಗಿದ್ರೇನೆ ಕುರಿ ದೊಡ್ಡಿಗೆ ಹೋಗಾದು. ಹಂಗಾ?"

"ಹಾಗೇ ಅಂದ್ಕೊ."

"ಗುಳಿಗೆ ಏನ್ ಮಾಡ್ತೈತೆ ಮತ್ತೆ? ದೊಡ್ಡಿ ಬಾಗ್ಲಿಗೆ ಅಡ್ಡ ನಿಂತ್ಕಂತೈತಾ?"

"ಹೂಂ. ಆ ರಾಸಾಯನಿಕ ಇನ್ನಷ್ಟು ಹೊತ್ತು ಹೊರಗೇ ಉಳಿಯುತ್ತೆ. ಆದರೆ ಮೆದುಳು ಅದಕ್ಕೆ ಒಗ್ಗಿ ಗುಣ ಕಾಣೋಕೆ ನಾಲ್ಕಾರು ವಾರ ಬೇಕು. ಯಾಕೆ ಅಷ್ಟು ದಿನ ಅಂತ ಓದಿದೋರಿಗೂ ಪೂರ್ತಿ ಗೊತ್ತಿಲ್ಲ."

"ಇದನ್ನ ಮೊದ್ಲೇ ಬೊಗಳಾಕೆ ಏನಾಗಿತ್ತು ನಿಂಗೆ? ದಿನಕ್ಕೊಂದು ಅಂತ ಕೈಗಿಟ್ಟು ಬಸ್ ಹತ್ತಿದ್ಯಲ್ಲಲೇ!"

ನನಗೆ ನಾಚಿಕೆಯಾಯಿತು. ಅದನ್ನು ತೋರಿಸಿಕೊಳ್ಳಲಾರದೆ ಇನ್ನೂ ಜೋರಾಗಿ ಬೈದೆ. ಹೊಸ ಗುಳಿಗೆ ತಂದುಕೊಟ್ಟೆ.

ಐದನೇ ವಾರದ ಭಾನುವಾರ ಊರಿಗೆ ಹೋದರೆ, ಅಪ್ಪ ಗುಳಿಗೆ ಪಟ್ಟಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. "ಒಂದು ಮಾತಿಲ್ಲ, ಕತೆಯಿಲ್ಲ. ಇವತ್ತು ಇದನ್ನೂ ಬಿಸಾಕ್ತೀನಿ ನೋಡು." ನಾನು ಪಟ್ಟಿ ಕಿತ್ತುಕೊಳ್ಳಲು ಹೋದೆ. ಅಂಗಳದಲ್ಲೇ ಕೈಕೈ ಮಿಲಾಯಿಸಿದೆವು.

ಒಳಗಿನಿಂದ ಒಡಕು ದನಿಯೊಂದು ಕೇಳಿತು. "ಥೂ, ಇಬ್ರೂ ಬಾಯಿ ಮುಚ್ಕಳ್ರಿ. ಹೊಟ್ಟೆ ಹಸಿತೈತೆ ನಂಗೆ."

ತಂಗಿಯಿಂದ ಬೈಸಿಕೊಂಡು ಆದಷ್ಟು ಸಂತೋಷ ನನಗೆ ಜನ್ಮದಲ್ಲೇ ಆಗಿರಲಿಲ್ಲ. ಅಪ್ಪ ಒಳಗೆ ಹೋಗಿ ತಟ್ಟೆಗೆ ಮುದ್ದೆ ಹಾಕಿದರು. ಕೈಲಿದ್ದ ಗುಳಿಗೆ ಪಟ್ಟಿಯನ್ನು ತಟ್ಟೆಯ ಪಕ್ಕದಲ್ಲೇ ಇಟ್ಟು ಸಾರು ಬಡಿಸಿದರು.